ಯಾವ ಶಾಲೆ ಮೊದಲು ತೆರೆಯಬೇಕಿತ್ತು?

ಆಟಿ ತಿಂಗಳಲ್ಲಿ ರಾತ್ರಿಯಿಡೀ ಮಳೆ ಹೊಯ್ದರೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲು ನೋಡುವುದು ಇವತ್ತು ಶಾಲೆಗೆ ರಜೆ ಇದೆಯಾ ಎಂದು ತಿಳಿಯಲು. ಮಂಗಳೂರಿನಲ್ಲಿ ಬಿಸಿಲು ಬಿದ್ದಿದ್ದರೂ ಸುಬ್ರಹ್ಮಣ್ಯದಲ್ಲಿ ಕುಮಾರಧಾರಾ ಉಕ್ಕಿ ಸ್ನಾನಘಟ್ಟ ಮುಳುಗಿರಬಹುದು ಎಂಬುದು ಜಿಲ್ಲಾಡಳಿತಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಮಳೆಯ ರಜೆ ಎಷ್ಟೋ ಸಲ ತಾಲೂಕು ನೋಡಿಯೇ ಬರುತ್ತದೆ. ಘಟ್ಟದ ಬುಡದ ಊರಿಗೂ ಕಡಲ ಬದಿಯ ಊರಿಗೂ ಒಂದೇ ಲೆಕ್ಕ ಸಲ್ಲದು ಎಂಬ ಈ ತಿಳಿವಳಿಕೆ ನಮ್ಮಲ್ಲಿ ಮೊದಲಿನಿಂದಲೂ ಇದೆ.

ಕೊರೊನಾ ಕಾಲದಲ್ಲಿ ಶಾಲೆಗಳ ವಿಷಯಕ್ಕೆ ಇದೇ ತಿಳಿವಳಿಕೆ ಬಂದು ಮುಟ್ಟಲು ಹತ್ತಿರಹತ್ತಿರ ಒಂದೂವರೆ ವರ್ಷ ಹಿಡಿಯಿತು. 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಶಾಲೆಗಳ ಬಗ್ಗೆ ‘ತಾಲೂಕಿನ ಪರಿಸ್ಥಿತಿ ನೋಡಿ ತೆರೆಯಿರಿ’ ಎಂಬ ಮಾತು ಸರ್ಕಾರದ ಆದೇಶದಲ್ಲಿ ಕಾಣಿಸಿದ್ದು 2021ರ ಸೆಪ್ಟೆಂಬರ್ 6ರಂದು 6ರಿಂದ 8ನೇ ತರಗತಿಗಳನ್ನು ಶುರುಮಾಡಿದಾಗ. ಪರೀಕ್ಷೆಯ ಪಾಸಿಟಿವಿಟಿ ದರ ಶೇ. 2ಕ್ಕಿಂತ ಕಡಿಮೆ ಇರುವ ತಾಲೂಕುಗಳಲ್ಲಿ ಮಾತ್ರ ತೆರೆಯಬಹುದು ಎಂಬ ನಿಯಮ ಅದು. ಅದಕ್ಕೂ ಎರಡು ವಾರ ಮೊದಲು, ಆಗಸ್ಟ್ 23ರಂದು, 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ತೆರೆದಾಗ ಲೆಕ್ಕ ಹಾಕಿದ್ದು ಜಿಲ್ಲೆಯಾಗಿ. ಆ ಪಟ್ಟಿಯಿಂದ ದಕ್ಷಿಣ ಕನ್ನಡ, ಉಡುಪಿ, ಕೊಡಗು, ಹಾಸನ, ಚಿಕ್ಕಮಗಳೂರು ಹೊರಗುಳಿದವು. ನಮ್ಮ ದಕ್ಷಿಣ ಕನ್ನಡದ ತರಗತಿಗಳು ಸೆಪ್ಟೆಂಬರ್‌ನಲ್ಲಿ ಹಂತ ಹಂತವಾಗಿ ತೆರೆದವು.

ಆ ದಿನಗಳು ಮುಗಿದವಲ್ಲ, ಮತ್ತೆ ಯಾಕೆ ಎತ್ತಬೇಕು ಎಂದು ಕೇಳಬಹುದು. ಇನ್ನೊಂದು ಸಾಂಕ್ರಾಮಿಕ ಬಂದಾಗ ಶಾಲೆ ಯಾವಾಗ ತೆರೆಯಬೇಕು, ಹೇಗೆ ತೆರೆಯಬೇಕು, ಯಾರು ಹೇಳಬೇಕು ಎಂಬುದು ಮತ್ತೆ ತುರ್ತಿನಲ್ಲೇ ತೀರ್ಮಾನವಾಗಬಾರದು. ಈಗ ಅವಸರವಿಲ್ಲ, ಭಯವಿಲ್ಲ. ಲೆಕ್ಕ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು ಸರಿ. ರೋಗ ಯಾರಿಗೆ ಹೇಗೆ ಹರಡುತ್ತದೆ, ಮಕ್ಕಳಿಗೆ ಎಷ್ಟು ಅಪಾಯ ಎಂಬುದು ಯಾರಿಗೂ ಗೊತ್ತಿರಲಿಲ್ಲ. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಿ ಆಮ್ಲಜನಕಕ್ಕೆ, ಹಾಸಿಗೆಗೆ ಪರದಾಡುವಾಗ ಶಾಲೆ ತೆರೆಯುವ ಮಾತೇ ಇರಲಿಲ್ಲ. ಪ್ರಶ್ನೆ ಇರುವುದು ಈ ಎರಡರ ನಡುವಿನ ಮತ್ತು ಆಮೇಲಿನ ತಿಂಗಳುಗಳ ಬಗ್ಗೆ.

ನಡುವಿನ ಕಾಲದಲ್ಲಿ ಏನಾಯಿತು ನೋಡಿ. ಮುಂದೂಡಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು 2020ರ ಜೂನ್ 25ರಿಂದ ನಡೆಸಲಾಯಿತು. ಆಗ ಸುರೇಶ್ ಕುಮಾರ್ ಶಿಕ್ಷಣ ಸಚಿವರು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಕೊಂಡು, ಜ್ವರ ನೋಡಿಸಿಕೊಂಡು ಬಂದು ಬರೆದರು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಜಗಲಿಯಲ್ಲೋ ಭಜನಾ ಮಂದಿರದಲ್ಲೋ ಮರದಡಿಯಲ್ಲೋ ಪಾಠ ಹೇಳುವ ಕ್ರಮ. ನನ್ನ ಮಟ್ಟಿಗೆ ಆ ಇಡೀ ಎರಡು ವರ್ಷಗಳಲ್ಲಿ ಶಿಕ್ಷಣ ಇಲಾಖೆಗೆ ಹೊಳೆದ ಅತ್ಯಂತ ಒಳ್ಳೆಯ ಯೋಚನೆ ಇದೇ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದ ಮೇಲೆ ಅಕ್ಟೋಬರ್ 10ರಂದು ಅದನ್ನು ರಾಜ್ಯಾದ್ಯಂತ ನಿಲ್ಲಿಸಲಾಯಿತು. ಶಿಕ್ಷಕರ ಭಯ ಸುಳ್ಳಾಗಿರಲಿಲ್ಲ, ಜೀವಗಳು ಹೋಗಿದ್ದವು. ಆದರೆ ಒಂದೂರಿನಲ್ಲಿ ಸೋಂಕು ಕಂಡದ್ದಕ್ಕೆ ಎಲ್ಲೂರಿನ ಜಗಲಿ ಖಾಲಿ ಮಾಡಿಸುವುದೇ ಉತ್ತರವಾಗಿತ್ತೇ ಎಂಬುದು ಬೇರೆ ಪ್ರಶ್ನೆ.

2021ರ ಜನವರಿ 1ರಂದು 10ನೇ ತರಗತಿ ಮತ್ತು ದ್ವಿತೀಯ ಪಿಯುಸಿ ಶುರುವಾದವು, ಫೆಬ್ರವರಿಯಲ್ಲಿ ಉಳಿದ ಹೈಸ್ಕೂಲು ಮತ್ತು ಹಿರಿಯ ಪ್ರಾಥಮಿಕ ತರಗತಿಗಳು. ಆ ಫೆಬ್ರವರಿಯಲ್ಲಿ ಇಡೀ ರಾಜ್ಯದಲ್ಲಿ ದಿನಕ್ಕೆ ಸಿಗುತ್ತಿದ್ದ ಹೊಸ ಪ್ರಕರಣಗಳು ಐನೂರರ ಆಸುಪಾಸು. ಮದುವೆಗಳು ನಡೆಯುತ್ತಿದ್ದವು, ಬಸ್ಸುಗಳು ತುಂಬಿರುತ್ತಿದ್ದವು. ಅದಕ್ಕೂ ಮೊದಲೇ, 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆಯೇ ನಡೆದುಹೋಗಿತ್ತು. ಆ ಚುನಾವಣೆಗೆ ಮತಗಟ್ಟೆಗಳಾಗಿದ್ದು ಹೆಚ್ಚಿನ ಕಡೆ ಸರ್ಕಾರಿ ಶಾಲೆಗಳೇ. ಊರಿನವರೆಲ್ಲ ಸಾಲು ನಿಂತು ಓಟು ಹಾಕಿದ ಅದೇ ಕೋಣೆಗೆ ಒಂದನೇ ತರಗತಿಯ ಮಗುವಿಗೆ ಪ್ರವೇಶ ಸಿಕ್ಕಿದ್ದು 2021ರ ಅಕ್ಟೋಬರ್ 25ರಂದು. ಅಂಗನವಾಡಿ, ಎಲ್‌ಕೆಜಿ, ಯುಕೆಜಿಗಳಿಗೆ ನವೆಂಬರ್ 8ರಂದು.

ಇಲ್ಲೇ ನನ್ನ ತಕರಾರು ಇರುವುದು. ಯಾರಿಗೆ ಶಾಲೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೆ ಎಲ್ಲರಿಗಿಂತ ಕೊನೆಗೆ ತೆರೆದೆವು. ಹತ್ತನೇ ತರಗತಿಯ ಹುಡುಗಿ ಚಂದನ ವಾಹಿನಿಯ ‘ಸಂವೇದ’ ಪಾಠ ನೋಡಿ, ಪುಸ್ತಕ ಓದಿ, ತಿಳಿಯದ್ದನ್ನು ಟೀಚರಿಗೆ ಫೋನು ಮಾಡಿ ಕೇಳಿ ಒಂದಷ್ಟು ಮುಂದೆ ಹೋಗಬಲ್ಲಳು. ಆರು ವರ್ಷದ ಮಗು ಹೋಗಲಾರದು. ನಮ್ಮ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಯವರೆಗೆ ನಡೆಯುವುದು ‘ನಲಿ-ಕಲಿ’. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಒಬ್ಬರಿಂದೊಬ್ಬರು ಕಲಿಯುತ್ತಾರೆ. ಇದನ್ನು ಫೋನಿನಲ್ಲಿ ಕಳಿಸಲು ಬರುವುದಿಲ್ಲ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಇಲ್ಲಿಯ ಮಕ್ಕಳ ಮನೆಮಾತು ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಗಡಿ ಹಳ್ಳಿಗಳಲ್ಲಿ ಮಲಯಾಳ. ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದವರ ಮನೆಗಳಲ್ಲಿ ತಮಿಳು. ಪುಸ್ತಕದ ಕನ್ನಡವನ್ನು ಈ ಮಕ್ಕಳಲ್ಲಿ ಎಷ್ಟೋ ಮಂದಿ ಮೊದಲು ಕೇಳುವುದು ಒಂದನೇ ತರಗತಿಯ ಟೀಚರ ಬಾಯಲ್ಲಿ. 2020ರ ಜೂನ್‌ನಲ್ಲಿ ಒಂದನೆಗೆ ಹೆಸರು ಬರೆಸಿದ ಮಗು ಮೊದಲ ಬಾರಿ ತರಗತಿಯೊಳಗೆ ಕೂತಾಗ ಹಾಜರಿ ಪುಸ್ತಕದ ಪ್ರಕಾರ ಅದು ಎರಡನೆಯಲ್ಲಿತ್ತು. ಒಂದನೆ ಮುಗಿಸುವ ಹೊತ್ತಿಗೆ ಮನೆ ಸೇರಿದ್ದ ಮಗು ವಾಪಸು ಬಂದದ್ದು ಮೂರನೆಗೆ.

ಇದರ ಬೆಲೆ ಎಷ್ಟು ಎಂಬುದಕ್ಕೆ ಅಂಕಿಗಳಿವೆ. ಕರ್ನಾಟಕದ ಗ್ರಾಮೀಣ ಭಾಗದಲ್ಲಿ ‘ಅಸರ್’ ಸಮೀಕ್ಷೆಯವರು 2018ರಲ್ಲಿ ನೋಡಿದಾಗ ಮೂರನೇ ತರಗತಿಯ ನೂರರಲ್ಲಿ ಹತ್ತೊಂಬತ್ತು ಮಕ್ಕಳು ಎರಡನೇ ತರಗತಿಯ ಪಾಠ ಓದುತ್ತಿದ್ದರು. ಅದೇನೂ ಬೀಗುವಂಥ ಸಂಖ್ಯೆಯಲ್ಲ. 2021ರ ಮಾರ್ಚ್‌ನಲ್ಲಿ ನೋಡಿದಾಗ ಅದು ಶೇ. 9.8ಕ್ಕೆ ಇಳಿದಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ಶೇ. 92, ಗಣಿತದಲ್ಲಿ ಶೇ. 82. ಹೊಸದು ಕಲಿಯದೆ ಹೋದದ್ದು ಈ ಲೆಕ್ಕದಲ್ಲಿ ಇಲ್ಲ. ಬಂದದ್ದೇ ಹೋಯಿತು ಎಂಬುದು ಇದರ ಅರ್ಥ.

ಆನ್‌ಲೈನ್ ಪಾಠ ಇತ್ತಲ್ಲ ಎನ್ನುವವರಿಗೆ ಸುಳ್ಯ ತಾಲೂಕಿನ ಒಂದು ಚಿತ್ರ ನೆನಪಿರಬೇಕು. 2021ರ ಜೂನ್‌ನಲ್ಲಿ ಗುತ್ತಿಗಾರು ಬಳಿಯ ಬಳ್ಳಕದಲ್ಲಿ ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಮಗಳು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ದೇಶವಿಡೀ ಆ ಚಿತ್ರ ನೋಡಿ ಮರುಗಿತು, ಮೆಚ್ಚಿತು. ಮೆಚ್ಚುವುದು ತಪ್ಪಲ್ಲ. ಆದರೆ ಕೊಲ್ಲಮೊಗ್ರು, ಕಲ್ಮಕಾರು, ಶಿರಾಡಿ, ಕೊಂಬಾರಿನಂಥ ಕಡೆ ಗುಡ್ಡ ಹತ್ತಿ ಸಿಗ್ನಲ್ ಹುಡುಕುವುದು ಆಗ ಯಾರೂ ಫೋಟೊ ತೆಗೆಯದ ದಿನಚರಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಟವರೂ ಇಲ್ಲ, ಟಿವಿಯೂ ಇಲ್ಲ.

ಹಾಗಾದರೆ ಚಿಕ್ಕ ಮಕ್ಕಳನ್ನು ಕೊನೆಗೆ ಇಟ್ಟದ್ದು ಅವರ ಆರೋಗ್ಯಕ್ಕಾಗಿಯೇ? ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಶಾಲೆ ತೆರೆಯಿತು, ಅದೂ ಶಿಶುವಿಹಾರ ಮತ್ತು ಐದನೇ ತರಗತಿವರೆಗಿನ ಮಕ್ಕಳಿಂದ ಶುರುಮಾಡಿ, ಸಣ್ಣ ಸಣ್ಣ ಗುಂಪುಗಳಲ್ಲಿ, ಆದಷ್ಟು ಬಯಲಿನಲ್ಲಿ. ಅದು ಶ್ರೀಮಂತ ದೇಶ, ನಮಗೂ ಅದಕ್ಕೂ ಹೋಲಿಕೆ ಬೇಡ ಎಂದರೂ ನಮ್ಮದೇ ಐಸಿಎಂಆರ್ ಮಾತು ಇದೆ. 2021ರ ಜೂನ್-ಜುಲೈನಲ್ಲಿ ನಡೆಸಿದ ನಾಲ್ಕನೇ ಸೆರೊ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57ರಷ್ಟು, 10ರಿಂದ 17ರವರಲ್ಲಿ ಶೇ. 62ರಷ್ಟು ಮಂದಿಗೆ ಆಗಲೇ ಪ್ರತಿಕಾಯ ಇತ್ತು. ಎಂದರೆ ಶಾಲೆ ಮುಚ್ಚಿದ್ದರೂ ಮನೆಯಲ್ಲೇ, ಊರಲ್ಲೇ ಸೋಂಕು ಅವರನ್ನು ಹಾದುಹೋಗಿತ್ತು. ಅದನ್ನು ಪ್ರಕಟಿಸುವಾಗ ಆಗಿನ ಮಹಾನಿರ್ದೇಶಕ ಡಾ. ಬಲರಾಂ ಭಾರ್ಗವ, ವೈರಸ್ ಅಂಟಿಕೊಳ್ಳುವ ಗ್ರಾಹಕಗಳು ಮಕ್ಕಳಲ್ಲಿ ಕಡಿಮೆ, ಶಾಲೆ ತೆರೆಯುವುದಿದ್ದರೆ ಪ್ರಾಥಮಿಕದಿಂದ ತೆರೆಯುವುದು ಜಾಣತನ, ಸಿಬ್ಬಂದಿಗೆ ಮಾತ್ರ ಲಸಿಕೆ ಆಗಿರಬೇಕು ಎಂದಿದ್ದರು. ನಮ್ಮ ಕಿನ್ನಿಗೋಳಿಯವರೇ ಆದ ಡಾ. ದೇವಿಪ್ರಸಾದ್ ಶೆಟ್ಟಿ ಅವರ ಅಧ್ಯಕ್ಷತೆಯ ರಾಜ್ಯದ ತಜ್ಞರ ಸಮಿತಿಯೂ ಅದೇ ಜೂನ್‌ನಲ್ಲಿ ಶಾಲೆ ತೆರೆಯಬೇಕೆಂಬ ಸಲಹೆ ಕೊಟ್ಟಿತ್ತು.

ಆದರೂ ಕ್ರಮ ತಿರುಗಿಯೇ ನಡೆಯಿತು: ಹನ್ನೆರಡನೆಯದು ಮೊದಲು, ಒಂದನೆಯದು ಕಡೆಗೆ. ಇದಕ್ಕೆ ನನಗೆ ಕಾಣುವ ಕಾರಣ ಪಬ್ಲಿಕ್ ಪರೀಕ್ಷೆ. ಪರೀಕ್ಷೆ ಇರುವ ತರಗತಿ ನಮ್ಮ ಕಣ್ಣಿಗೆ ನಿಜವಾದ ತರಗತಿ, ಉಳಿದದ್ದು ಕಾಯಬಹುದು. ಆದರೆ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್ಸೆಸ್ಸೆಲ್ಸಿಯನ್ನು ಜುಲೈ 19 ಮತ್ತು 22ರಂದು ಎರಡೇ ದಿನ ಬಹು ಆಯ್ಕೆ ಪ್ರಶ್ನೆಗಳಲ್ಲಿ ಮುಗಿಸಿದರು.

ಇನ್ನು ಆ ಶೇ. 2ರ ವಿಷಯ. ಪಾಸಿಟಿವಿಟಿ ದರ ಎಂದರೆ ಪರೀಕ್ಷೆ ಮಾಡಿಸಿದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಸೋಂಕು ಸಿಕ್ಕಿತು ಎಂಬುದು. ಬೆಂಗಳೂರಿನಂಥ ಊರಿಗೆ ಅದು ಗಟ್ಟಿ ಅಳತೆ. ಒಂದು ತಾಲೂಕಿಗೆ, ಅದರಲ್ಲೂ ಚದುರಿದ ಒಂಟಿಮನೆಗಳ ನಮ್ಮ ತಾಲೂಕುಗಳಿಗೆ ಅಷ್ಟು ಗಟ್ಟಿಯಲ್ಲ. ಒಂದು ತಾಲೂಕಿನಲ್ಲಿ ದಿನಕ್ಕೆ ಇನ್ನೂರು ಪರೀಕ್ಷೆ ನಡೆಯಿತು ಎಂದಿಟ್ಟುಕೊಳ್ಳಿ. ಮೂವರಿಗೆ ಸೋಂಕು ಸಿಕ್ಕರೆ ಶೇ. 1.5, ಶಾಲೆ ತೆರೆಯಬಹುದು. ಒಂದೇ ಮನೆಯ ಐದು ಮಂದಿಗೆ ಸಿಕ್ಕರೆ ಶೇ. 2.5, ಮುಚ್ಚಬೇಕು. ಪಂಜದ ಒಂದು ಮನೆಯಲ್ಲಿ ಆದದ್ದಕ್ಕೆ ಮಂಡೆಕೋಲಿನ ಮಕ್ಕಳು ಮನೆಯಲ್ಲಿ ಉಳಿಯಬೇಕು. ಜ್ವರ ಇದ್ದವರನ್ನಷ್ಟೇ ಪರೀಕ್ಷಿಸಿದರೆ ದರ ಏರುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಕಂಡವರ ಗಂಟಲುದ್ರವ ತೆಗೆದರೆ ಇಳಿಯುತ್ತದೆ. ರೋಗ ಅಷ್ಟೇ ಇರುತ್ತದೆ.

ಗಡಿಯ ಸಂಗತಿಯನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಪುತ್ತೂರು, ಸುಳ್ಯ ಎರಡೂ ಕಾಸರಗೋಡಿಗೆ ತಾಗಿಕೊಂಡಿವೆ. 2021ರ ಫೆಬ್ರವರಿಯಲ್ಲಿ ಜಿಲ್ಲಾಡಳಿತ ಕೇರಳದಿಂದ ಬರಲು ಉಳಿಸಿಕೊಟ್ಟ ನಾಲ್ಕು ದಾರಿಗಳು ತಲಪಾಡಿ, ಸಾರಡ್ಕ, ಪುತ್ತೂರು ತಾಲೂಕಿನ ನೆಟ್ಟಣಿಗೆ ಮುಡ್ನೂರು, ಸುಳ್ಯ ತಾಲೂಕಿನ ಜಾಲ್ಸೂರು. ಆಗಸ್ಟ್ ಕೊನೆಗೆ ಕೇರಳದಲ್ಲಿ ದಿನಕ್ಕೆ ಮೂವತ್ತು ಸಾವಿರ ಪ್ರಕರಣ ಬರುತ್ತಿದ್ದಾಗ ದಕ್ಷಿಣ ಕನ್ನಡ ಹುಷಾರಾಗಿದ್ದದ್ದನ್ನು ತಪ್ಪೆನ್ನಲಾಗದು. ಆಗಿನ ಜಿಲ್ಲಾಧಿಕಾರಿ ಡಾ. ಕೆ.ವಿ. ರಾಜೇಂದ್ರ ಅವರ ಮುಂದೆ ಇದ್ದದ್ದು ಸುಲಭದ ತೀರ್ಮಾನವಲ್ಲ. ಆದರೆ ಗಡಿ ದಾಟಿ ಪುತ್ತೂರಿನ ಕಾಲೇಜಿಗೆ ಬರುವ ವಿದ್ಯಾರ್ಥಿಯ ಅಪಾಯವೂ, ಮರ್ಕಂಜದ ಕಾಡಂಚಿನಲ್ಲಿ ಅರ್ಧ ಮೈಲಿ ನಡೆದು ಕಿರಿಯ ಪ್ರಾಥಮಿಕ ಶಾಲೆಗೆ ಬರುವ ಮಗುವಿನ ಅಪಾಯವೂ ಒಂದೇ ಅಲ್ಲ.

ಶಾಲೆಗೆ ಮಕ್ಕಳು ಎಷ್ಟು ದೂರದಿಂದ, ಯಾವುದರಲ್ಲಿ ಬರುತ್ತಾರೆ ಎಂಬುದೇ ನಾವು ಕೇಳದೆ ಬಿಟ್ಟ ಮುಖ್ಯ ಪ್ರಶ್ನೆ. ಪೇಟೆಯ ದೊಡ್ಡ ಹೈಸ್ಕೂಲಿಗೆ ಹತ್ತಿಪ್ಪತ್ತು ಗ್ರಾಮಗಳಿಂದ ಮಕ್ಕಳು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒತ್ತಿಕೊಂಡು ಬರುತ್ತಾರೆ, ಒಂದು ತರಗತಿಯಲ್ಲಿ ಅರುವತ್ತು ಮಂದಿ ಕೂರುತ್ತಾರೆ. ಅಲ್ಲಿ ಒಂದು ಸೋಂಕು ಹತ್ತು ಊರಿಗೆ ಹೋಗಬಹುದು. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೋ ಮೂವತ್ತೋ ಮಕ್ಕಳು, ಒಬ್ಬರೋ ಇಬ್ಬರೋ ಟೀಚರು. ಎಲ್ಲರೂ ನಡೆದೇ ಬರುವವರು, ಶಾಲೆ ಇಲ್ಲದಿದ್ದರೂ ಸಂಜೆ ಒಂದೇ ಗದ್ದೆಯಲ್ಲಿ ಆಡುವವರು. ಸಾಂಕ್ರಾಮಿಕದಲ್ಲಿ ತೆರೆಯಲು ಇದಕ್ಕಿಂತ ಸುರಕ್ಷಿತ ಶಾಲೆ ಸಿಗದು. ಹೊರಗಿನಿಂದ ಬರುವವರು ಶಿಕ್ಷಕರು ಮಾತ್ರ. ಆದ್ದರಿಂದ ಲಸಿಕೆ ಮೊದಲು ಅವರಿಗೆ ಕೊಡಬೇಕು, ಮನೆಯಲ್ಲಿ ಕಾಯಿಲೆಯವರು ಇರುವ ಶಿಕ್ಷಕರಿಗೆ ವಿನಾಯಿತಿ ಕೊಡಬೇಕು. ಅವರನ್ನು ಚೆಕ್‌ಪೋಸ್ಟ್ ಕಾವಲಿಗೆ, ಮನೆ ಮನೆ ಸಮೀಕ್ಷೆಗೆ ಹಾಕಿದ ಮೇಲೆ ಪಾಠಕ್ಕೂ ಬನ್ನಿ ಎಂದರೆ ಅದು ನ್ಯಾಯವಲ್ಲ.

ಹೇಗೆ ತೆರೆಯಬೇಕು ಎಂಬುದರಲ್ಲೂ ಊರಿನ ಲೆಕ್ಕ ಬೇಕು. ಆ ದಿನಗಳಲ್ಲಿ ಬೆಂಚು ಒರೆಸುವುದಕ್ಕೆ, ಔಷಧ ಸಿಂಪಡಿಸುವುದಕ್ಕೆ ಇದ್ದ ಉತ್ಸಾಹ ಕಿಟಕಿಯ ಮೇಲೆ ಇರಲಿಲ್ಲ. ಈ ವೈರಸ್ ಮುಖ್ಯವಾಗಿ ಗಾಳಿಯಲ್ಲಿ ಹರಡುತ್ತದೆ, ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲಿಕೊಂಡಿರುತ್ತದೆ ಎಂಬುದು 2021ರ ಹೊತ್ತಿಗೆ ಸ್ಪಷ್ಟವಾಗಿತ್ತು. ಹೆಂಚಿನ ಮಾಡು, ಉದ್ದದ ಜಗಲಿ, ಎರಡೂ ಬದಿ ಕಿಟಕಿ ಇರುವ ನಮ್ಮ ಹಳೆಯ ಶಾಲೆಗಳಿಗೆ ಗಾಳಿ ತಾನಾಗಿ ಬರುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ಒಳಗೆ ಹೊಡೆಯುತ್ತದೆಂದು ಅದೇ ಕಿಟಕಿಗಳನ್ನು ಮುಚ್ಚಿಕೊಂಡು ಕೂರುತ್ತೇವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಂಗಳದಲ್ಲೇ, ಗೋಳಿಮರದ ಕೆಳಗೇ ತರಗತಿ ಮಾಡಬಹುದು. ಘಟ್ಟದ ಬುಡದ ತಾಲೂಕುಗಳಿಗೆ ಸಾಂಕ್ರಾಮಿಕದ ವರ್ಷ ಬೇರೆಯದೇ ವೇಳಾಪಟ್ಟಿ ಬೇಕಿತ್ತು. 2020ರ ನವೆಂಬರ್‌ನಿಂದ 2021ರ ಮಾರ್ಚ್‌ವರೆಗಿನ ಐದು ಒಣ ತಿಂಗಳು, ಬಹುಪಾಲು ಸೋಂಕೂ ಇಳಿದಿದ್ದ ಕಾಲ, ಚಿಕ್ಕ ಮಕ್ಕಳ ಪಾಲಿಗೆ ಪೂರ್ತಿ ಹೋಯಿತು. ಒಂದೂವರೆ ವರ್ಷದಲ್ಲಿ ನಾವು ಕಳೆದುಕೊಂಡದ್ದರಲ್ಲಿ ಅತಿ ದೊಡ್ಡದು ಇದೇ ಎಂದು ನನ್ನ ತೀರ್ಮಾನ.

ಪಾಠ ಕಲಿತೆವು ಎಂಬುದಕ್ಕೂ ಗುರುತು ಇದೆ. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಬೆಂಗಳೂರಿನಲ್ಲಿ 1ರಿಂದ 9ನೇ ತರಗತಿ ಮುಚ್ಚಿದರೂ ಉಳಿದ ಜಿಲ್ಲೆಗಳಲ್ಲಿ ತೀರ್ಮಾನವನ್ನು ಜಿಲ್ಲಾಡಳಿತಕ್ಕೆ ಬಿಟ್ಟರು. ಸೋಂಕು ಕಂಡ ಶಾಲೆಯನ್ನಷ್ಟೇ ಕೆಲವು ದಿನ ಮುಚ್ಚುವ ಕ್ರಮ ಬಂತು. ಆ ವರ್ಷ ಶಾಲೆಗಳನ್ನು ಮೇ 16ಕ್ಕೇ ತೆರೆದು, 2022-23ನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ಕರೆದು, ಹಿಂದಿನ ತರಗತಿಗಳ ಪಾಠವನ್ನು ಮತ್ತೆ ಹೇಳಿಕೊಟ್ಟರು. ಆದರೆ ಇದೆಲ್ಲ ಆಯಾ ಹೊತ್ತಿನ ಆದೇಶಗಳಲ್ಲಿ ಇದೆ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಬೆಂಗಳೂರಿನಿಂದ ಒಂದು ಸುತ್ತೋಲೆ ಬಂದರೆ ಅದೆಲ್ಲ ಒಂದೇ ದಿನದಲ್ಲಿ ಅಳಿಸಿಹೋಗಬಹುದು.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಪ್ರತಿ ಶಾಲೆಯ ಬಗ್ಗೆ ಒಂದು ಹಾಳೆ ಸಾಕು: ಮಕ್ಕಳೆಷ್ಟು, ನಡೆದು ಬರುವವರೆಷ್ಟು, ಬಸ್ಸಿನವರೆಷ್ಟು, ಯಾವ ಯಾವ ಊರಿನವರು, ಕೋಣೆಗಳಿಗೆ ಎದುರುಬದುರು ಕಿಟಕಿ ಇದೆಯೇ, ಮಳೆಯಲ್ಲೂ ಕೂರಬಹುದಾದ ಜಗಲಿ ಇದೆಯೇ, ಮನೆಯಲ್ಲಿ ನೆಟ್‌ವರ್ಕ್ ಸಿಗದ ಮಕ್ಕಳೆಷ್ಟು. ಮುಖ್ಯ ಶಿಕ್ಷಕರಿಗೆ ಇದು ಬಾಯಿಪಾಠ. ಜೂನ್‌ನಲ್ಲಿ ದಾಖಲಾತಿಯ ಹೊತ್ತಿಗೆ ಬರೆದಿಟ್ಟರೆ ಮುಗಿಯಿತು. ಯಾವ ಹಂತದಲ್ಲಿ ಯಾವ ಬಗೆಯ ಶಾಲೆ ತೆರೆಯಬಹುದು ಎಂಬ ನಿಯಮವನ್ನು ಸರ್ಕಾರ ಮೊದಲೇ ಹೇಳಿದ್ದರೆ, ಉಳಿದದ್ದನ್ನು ಎಸ್‌ಡಿಎಂಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಪಂಚಾಯಿತಿ ಕೂತು ನಿರ್ಧರಿಸಬಹುದು. 2021ರಲ್ಲಿ ಪಂಚಾಯಿತಿ ಮಟ್ಟದ ಕೋವಿಡ್ ಕಾರ್ಯಪಡೆಗಳು ಮನೆ ಮನೆಯ ಲೆಕ್ಕ ಇಟ್ಟಿದ್ದವು. ತಮ್ಮೂರ ಶಾಲೆಯ ಬಗ್ಗೆ ಮಾತ್ರ ಅವುಗಳಿಗೆ ಅಧಿಕಾರ ಇರಲಿಲ್ಲ.

ಕಡಬದ ತೊಡಕು ಬೇರೆಯೇ ಇದೆ. ಪುತ್ತೂರು, ಸುಳ್ಯ ತಾಲೂಕುಗಳ ಹಳ್ಳಿಗಳನ್ನು ಸೇರಿಸಿ ಕಡಬ ತಾಲೂಕಾಯಿತು, ತಹಶೀಲ್ದಾರರೂ ಬಂದರು. ಆದರೆ ಕೊರೊನಾ ಕಾಲದಲ್ಲಿ ಅಲ್ಲಿಗೆ ಪ್ರತ್ಯೇಕ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಇರಲಿಲ್ಲ, ಶಾಲೆಗಳು ಹಳೆಯ ಶಿಕ್ಷಣ ವಲಯಗಳಲ್ಲೇ ಉಳಿದಿದ್ದವು. ಶಾಲೆ ತೆರೆಯುವ ಲೆಕ್ಕ ತಾಲೂಕಿನದು, ಶಾಲೆ ನೋಡಿಕೊಳ್ಳುವ ಕಚೇರಿ ಬೇರೆ ತಾಲೂಕಿನದು. ತಾಲೂಕುವಾರು ತೀರ್ಮಾನ ಎಂಬುದಕ್ಕೆ ಅರ್ಥ ಬರಬೇಕಾದರೆ ಸುಬ್ರಹ್ಮಣ್ಯದ ಒಬ್ಬ ಮುಖ್ಯ ಶಿಕ್ಷಕಿ ತಮ್ಮ ಶಾಲೆ ತೆರೆಯಲು ಅನುಮತಿ ಕೇಳಿ ಬರೆಯುವ ಪತ್ರ ಕಡಬಕ್ಕೆ ಹೋಗಬೇಕೇ ಸುಳ್ಯಕ್ಕೆ ಹೋಗಬೇಕೇ, ಅದಕ್ಕೆ ಯಾರು ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂಬುದನ್ನು ಈಗಲೇ, ಕಾಯಿಲೆ ಇಲ್ಲದ ಹೊತ್ತಿನಲ್ಲೇ, ಬರೆದಿಡಬೇಕು.